ಬೈಸ್ಕೊಂಡ ಸಿಸ್ಟರ್ ಮತ್ತೆ ಫೋನ್ ಮಾಡಲ್ಲ

ಮೇ 12, ನರ್ಸ್‌ಗಳ ದಿನ ಬಂತಂದ್ರೆ ಸಾಕು, ಆಸ್ಪತ್ರೆಗಳಲ್ಲಿ ಕೇಕು, ಕೈಗೊಂದು ಗುಲಾಬಿ, 'ನೀವೆಲ್ಲ ದೇವತೆಗಳಮ್ಮ' ಅಂತ ಭಾಷಣ, ಆಮೇಲೆ ಫೋಟೋ. ಅದು ಮುಗೀತಿದ್ದಂಗೆ ಅದೇ ದೇವತೆಗಳಲ್ಲಿ ಇಬ್ರಿಗೆ ಡಬಲ್ ಡ್ಯೂಟಿ, ಯಾಕಂದ್ರೆ ನೈಟ್‌ಗೆ ಬರ್ಬೇಕಾದೋರು ರಜ. ನಾನು ಸರ್ಜಿಕಲ್ ವಾರ್ಡ್ ಇನ್‌ಚಾರ್ಜ್, ರೋಸ್ಟರ್, ಅಂದ್ರೆ ಡ್ಯೂಟಿ ಪಟ್ಟಿ ಹಾಕೋಳು ನಾನೇ, ಈ ಕಷ್ಟ ನಂಗೆ ಬಾಯಿಪಾಠ.

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಾರ್ಮ್ಸ್ ಪ್ರಕಾರ ಮೆಡಿಕಲ್ ಕಾಲೇಜ್ ಆಸ್ಪತ್ರೆ ಜನರಲ್ ವಾರ್ಡಲ್ಲಿ 3 ಪೇಷಂಟ್‌ಗೆ 1 ನರ್ಸ್, ಬೇರೆ ಆಸ್ಪತ್ರೇಲಿ 5ಕ್ಕೆ 1, ಅದರ ಮೇಲೆ ರಜೆಗೆ ಅಂತ 30% ಜನ ಎಕ್ಸ್‌ಟ್ರಾ ಇರ್ಬೇಕು. ನೈಟ್ ಹೊತ್ತು ಯಾವ್ದಾದ್ರೂ ವಾರ್ಡಿಗೆ ಹೋಗಿ ತಲೆ ಎಣಿಸಿ ನೋಡಿ, ನಾನೇನೂ ಹೇಳಲ್ಲ. ಅಮೆರಿಕದಲ್ಲಿ ಲಿಂಡಾ ಐಕನ್ ಅನ್ನೋರ ತಂಡ 2002ರಲ್ಲಿ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ಹಾಕಿತ್ತು: ಒಬ್ಬ ನರ್ಸ್ ಮೇಲೆ ಒಂದೊಂದು ಪೇಷಂಟ್ ಜಾಸ್ತಿ ಆದಂಗೂ, ಆಪರೇಷನ್ ಆದೋರು 30 ದಿನದೊಳಗೆ ಸಾಯೋ ಸಂಭವ ಸುಮಾರು 7% ಏರಿದ್ದು ಕಂಡಿತ್ತು.

ಆದ್ರೆ ಜನ ಕಮ್ಮಿ ಅನ್ನೋದು ಎಲ್ರಿಗೂ ಗೊತ್ತಿರೋ ವಿಷ್ಯ. ಯಾರೂ ಮಾತಾಡದೇ ಇರೋದು ಬೈಗುಳದ ಬಗ್ಗೆ. ರಾತ್ರಿ ಮೂರು ಗಂಟೆಗೆ ಹೊಸ ಹುಡುಗಿ ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡ್ತಾಳೆ, 'ಸರ್, 14ನೇ ಬೆಡ್ ಯಾಕೋ ಸರಿ ಕಾಣ್ತಿಲ್ಲ'. ಆ ಕಡೆಯಿಂದ 'ಸರಿ ಕಾಣ್ತಿಲ್ಲ ಅಂದ್ರೇನ್ರೀ, ನೆಟ್ಟಗೆ ಹೇಳೋಕ್ ಬರಲ್ವಾ' ಅಂತ ಬೀಳುತ್ತೆ, ಫೋನ್ ಕಟ್. ಮುಂದಿನ ಸಲ ಅವಳು ಏನ್ಮಾಡ್ತಾಳೆ, ಇನ್ನೊಂದ್ ಸಲ ಬಿಪಿ ನೋಡೋಣ, ಬೆಳಗ್ಗೆ ರೌಂಡ್ಸ್‌ಗೆ ಬರ್ತಾರಲ್ಲ ಆಗ ಹೇಳೋಣ ಅಂತ ಕಾಯ್ತಾಳೆ, ಆ ಕಾಯೋ ಟೈಮ್ ಹೋಗೋದು ಪೇಷಂಟ್ ಲೆಕ್ಕಕ್ಕೆ.

ಪೇಷಂಟ್ ವಿಷ್ಯ ನೆಟ್ಟಗೆ ಹೇಳೋಕೆ ಎಸ್‌ಬಿಎಆರ್ (SBAR) ಅಂತ ಒಂದು ಪದ್ಧತಿ ಇದೆ, ಅಮೆರಿಕದ ನೇವಿ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದಿದ್ದು. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ಸುತ್ತೆ, ನೀವೇನ್ ಮಾಡ್ಬೇಕು, ಇಷ್ಟೇ. ಅದೇ ಫೋನು ಹಿಂಗಾಗುತ್ತೆ: 'ಸರ್, 14ನೇ ಬೆಡ್, ಬಿಪಿ 90/60, ಪಲ್ಸ್ 118. ನಿನ್ನೆ ಹರ್ನಿಯಾ ಆಪರೇಷನ್ ಆಗಿದೆ. ಡ್ರೆಸ್ಸಿಂಗ್ ರಕ್ತದಲ್ಲಿ ಒದ್ದೆ, ಬ್ಲೀಡಿಂಗ್ ಅನ್ಸುತ್ತೆ. ಈಗ್ಲೇ ಬಂದು ನೋಡ್ಬೇಕು'. ಮೊದಲ ಎರಡು ಎಲ್ರೂ ಬೇಗ ಕಲೀತಾರೆ, ಕೊನೇ ಎರಡು ಬಾಯಿಂದ ಬರೋದೇ ಇಲ್ಲ, ಡಾಕ್ಟರ್‌ಗೆ ನಾನ್ ಹೇಳೋದಾ ಅಂತ ಭಯ. ಟ್ರೈನಿಂಗ್ ಕೊಟ್ಟು ಸರ್ಟಿಫಿಕೇಟ್ ಹಂಚಿದ್ರೆ ಆ ಭಯ ಹೋಗಲ್ಲ, ಫೋನ್ ಎತ್ತೋರು 'ಹೇಳಿ ಸಿಸ್ಟರ್' ಅಂದ್ರೆ ಅರ್ಧ ಹೋಗುತ್ತೆ.

ಹ್ಯಾಂಡೋವರ್, ಅಂದ್ರೆ ಡ್ಯೂಟಿ ಮುಗಿಸೋರು ಮುಂದಿನವರಿಗೆ ಪೇಷಂಟ್‌ಗಳ ವಿವರ ಒಪ್ಪಿಸೋದು, ಅದರ ಕಥೆ ಬೇರೆ. ಹನ್ನೆರಡು ತಾಸು ನಿಂತು ಹೊಟ್ಟೆಗೇನೂ ಬೀಳದೆ ಇರೋಳು ಬೆಳಗ್ಗೆ ಓವರ್ ಕೊಡುವಾಗ ಅವಳ ಮನಸ್ಸೆಲ್ಲ ಬಸ್ ಮೇಲೆ, ಮಧ್ಯದಲ್ಲಿ ಪೇಷಂಟ್ ಕಡೆಯೋರು ಡಿಸ್ಚಾರ್ಜ್ ಯಾವಾಗ ಅಂತ ಸುತ್ತುವರೀತಾರೆ. ನಮ್ಮ ವಾರ್ಡಲ್ಲಿ ಈಗ ಬೆಡ್ ಪಕ್ಕದಲ್ಲೇ ನಿಂತು ಓವರ್ ಕೊಡೋದು, ಪೇಷಂಟ್ ಕೂಡ ಕೇಳಿಸ್ಕೋತಾರೆ, ಅಜ್ಜಿ ಒಬ್ರು 'ಆ ಮಾತ್ರೆ ಕೊಟ್ಟೇ ಇಲ್ಲ ಕಣಮ್ಮ' ಅಂದಿದ್ದೂ ಉಂಟು, ನೋಡಿದ್ರೆ ನಿಜ. ನೈಟ್‌ನೋರು ಟೀ ಕುಡಿಯೋಕೆ ಹೋದಾಗ ಅವರ ಬೆಡ್‌ಗಳನ್ನ ಯಾರು ನೋಡ್ಕೋಬೇಕು ಅಂತ ರೋಸ್ಟರಲ್ಲೇ ಹೆಸರು ಹಾಕ್ತೀನಿ, ಇಲ್ಲಾಂದ್ರೆ ಬ್ರೇಕ್ ಅನ್ನೋದು ಹಾಳೆ ಮೇಲೆ ಮಾತ್ರ.

ಹೋದ ತಿಂಗಳು ಮೀಟಿಂಗಲ್ಲಿ ಆ ರಜೆ ಲೆಕ್ಕದ ಜನ ಕೊಡಿ ಅಂತ ಕೇಳಿದೆ. ಸ್ಟಾಫ್ ವೆಲ್‌ನೆಸ್‌ಗೆ ಅಂತ ವಾರಕ್ಕೊಂದು ಯೋಗ ಕ್ಲಾಸ್ ಸ್ಯಾಂಕ್ಷನ್ ಆಗಿದೆ, ಅದೂ ನೈಟ್ ಡ್ಯೂಟಿ ಮುಗಿದ ಮೇಲೆ, ಹಾಜರಿ ಕಡ್ಡಾಯ.