‘ಯಾವಾಗ ಸರಿಹೋಗುತ್ತಾನೆ?’

ಮಂಡ್ಯದಲ್ಲಿ ಹದಿನಾಲ್ಕು ವರ್ಷಗಳಿಂದ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಿದ್ದೇನೆ. ‘ಯಾವಾಗ ಸರಿಹೋಗುತ್ತದೆ?’ ಎಂಬ ಪ್ರಶ್ನೆಗೆ ದಿನಕ್ಕೆ ಹತ್ತು ಸಲ ಉತ್ತರ ಕೊಡುವವನು ನಾನು. ಸುಟ್ಟ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಹೊಡೆದು ಒಣಗಿಸಬೇಕು. ನಾಳೆ ಸಂಜೆ ಬನ್ನಿ ಎನ್ನುತ್ತೇನೆ. ಅದೇ ಜನ ಅದೇ ಬಾಯಲ್ಲಿ, ಅಂಗಡಿಯ ಮೂಲೆಯಲ್ಲಿ ಹಳೆಯ ತಂತಿಯ ಸುರುಳಿ ಬಿಚ್ಚುತ್ತಾ ಕುಳಿತ ನನ್ನ ಮಗನ ಕಡೆಗೆ ಗಲ್ಲ ಎತ್ತಿ, ‘ಇವನು ಯಾವಾಗ ಸರಿಹೋಗುತ್ತಾನೆ?’ ಎಂದು ಕೇಳುತ್ತಾರೆ. ಅವನಿಗೆ ಒಂಬತ್ತು ವರ್ಷ. ಆಟಿಸಂ ಇದೆ. ಕಿವಿ ಚೆನ್ನಾಗಿಯೇ ಕೇಳಿಸುತ್ತದೆ ಎಂಬುದು ಗಲ್ಲ ಎತ್ತುವವರಿಗೆ ಹೊಳೆಯುವುದಿಲ್ಲ.

ಉತ್ತರ ಇಷ್ಟೇ: ಸರಿಹೋಗುವುದಿಲ್ಲ. ಕೆಟ್ಟಿದ್ದರೆ ತಾನೇ ಸರಿಹೋಗುವುದು?

ಹೀಗೆಂದರೆ ‘ಬಿಡ್ತು ಅನ್ನಿ’ ಎನ್ನುತ್ತಾರೆ. ನಾನು ನನ್ನ ಮಗನಿಗೇ ಶಾಪ ಹಾಕಿದೆನೇನೋ ಎಂಬಂತೆ. ಆಮೇಲೆ ಅವರನ್ನು ಕೂರಿಸಿ ಸಮಾಧಾನ ಮಾಡುವ ಕೆಲಸವೂ ನನ್ನದೇ. ಸಾಕಾಗಿದೆ. ಇನ್ನು ಮುಂದೆ ಕೇಳಿದವರ ಮೊಬೈಲಿಗೆ ಇದನ್ನು ಕಳಿಸುತ್ತೇನೆ. ಓದಿದ ಮೇಲೂ ಕೇಳುವವರ ಮೋಟರಿಗೆ ಕೂಲಿ ಸ್ವಲ್ಪ ಜಾಸ್ತಿ.

ಹೋದ ವರ್ಷ ನೆಂಟರ ಮನೆಯ ಬೀಗರ ಔತಣಕ್ಕೆ ಹೋಗಿದ್ದೆವು. ಶಾಮಿಯಾನದ ನಾಲ್ಕು ಮೂಲೆಗೂ ಆಳೆತ್ತರದ ಸ್ಪೀಕರು. ಮಗನ ಕಿವಿಗೆ ಬೋರ್‌ವೆಲ್ ಕೊರೆಯುವವರು ಹಾಕುವಂಥ ದಪ್ಪ ಮುಚ್ಚಳ, ಮುಂದೆ ಮನೆಯಿಂದ ತಂದ ಡಬ್ಬಿಯಲ್ಲಿ ಬಿಳಿ ಅನ್ನ, ನಾಲ್ಕು ಹಪ್ಪಳ. ಅವನ ನಾಲಿಗೆಗೆ ಜಿಗುಟಾದದ್ದು ಯಾವುದೂ ಆಗುವುದಿಲ್ಲ. ಹಪ್ಪಳ ಮುರಿಯುವ ಸದ್ದು ಮಾತ್ರ ಆಗುತ್ತದೆ. ಎದುರು ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮುದ್ದೆ ಮುರಿದು ಸಾರಿಗೆ ಅದ್ದುತ್ತಾ ಇದನ್ನು ಕಂಡರು. ‘ಮುದ್ದೆ ತಿನ್ನುವುದಿಲ್ಲವೇ?’ ಇಲ್ಲ ಎಂದೆ. ಅವರ ಕೈ ಅಲ್ಲೇ ನಿಂತಿತು. ಮಗನಿಗೆ ಆಟಿಸಂ ಎಂದಾಗಲೂ ಅವರಿಗೆ ಇಷ್ಟು ದುಃಖವಾಗಿರಲಿಲ್ಲ. ಮಂಡ್ಯದಲ್ಲಿ ಹುಟ್ಟಿ ಮುದ್ದೆ ತಿನ್ನದವನು! ‘ಹಾಗಾದರೆ ಶಕ್ತಿ ಎಲ್ಲಿಂದ ಬರಬೇಕು? ಅದಕ್ಕೇ ಮಾತು ಬಂದಿಲ್ಲ’ ಎಂದು ತೀರ್ಪು ಕೊಟ್ಟರು.

ಆಮೇಲೆ ಪಂಕ್ತಿಗೆ ಪಂಕ್ತಿಯೇ ವೈದ್ಯರ ಮಂಡಳಿಯಾಯಿತು. ಬಜೆ ಬೇರನ್ನು ಜೇನುತುಪ್ಪದಲ್ಲಿ ತೇಯ್ದು ನಾಲಿಗೆಗೆ ಸವರಿ ಎಂದರು ಒಬ್ಬರು. ಚುಚ್ಚುಮದ್ದಿನಿಂದ ಹೀಗಾಗುತ್ತದಂತೆ ಎಂದರು ಇನ್ನೊಬ್ಬರು. ಮೂರನೆಯವರು ನನ್ನ ಹೆಂಡತಿಯ ಕಡೆ ತಿರುಗಿ, ‘ಚಿಕ್ಕವನಿದ್ದಾಗ ಮೊಬೈಲ್ ಕೊಟ್ಟು ನೀನು ಕೆಲಸಕ್ಕೆ ಹೋಗುತ್ತಿದ್ದೆಯಲ್ಲವೇ?’ ಎಂದು ಮೆಲ್ಲಗೆ ಕೇಳಿದರು. ಅವಳು ಅರ್ಧ ಊಟದಲ್ಲೇ ಎಲೆ ಮಡಚಿ ಎದ್ದಳು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಚುಚ್ಚುಮದ್ದಿನ ಕಥೆಯನ್ನು ಹುಟ್ಟುಹಾಕಿದ್ದು 1998ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಲೇಖನ. 2010ರಲ್ಲಿ ಆ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಬೀಗರ ಔತಣಗಳಿಗೆ ಸುದ್ದಿ ಇನ್ನೂ ತಲುಪಿಲ್ಲ. ತಾಯಿಯನ್ನು ದೂರುವುದು ಇನ್ನೂ ಹಳೆಯದು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ವಿವರ ಬರೆದು ಆಟಿಸಂಗೆ ಒಂದು ರೂಪ ಕೊಟ್ಟರು. ಆ ಮನೆಗಳಲ್ಲಿ ಮಮತೆಯ ಬಿಸುಪು ಕಡಿಮೆ ಎಂಬ ಮಾತನ್ನೂ ಸೇರಿಸಿದರು. ಅಲ್ಲಿಂದ ಹಲವು ವರ್ಷ ಅಮೆರಿಕದಲ್ಲಿ ‘ಫ್ರಿಜ್‌ನಂಥ ತಾಯಂದಿರು’ ಎಂಬ ಬೈಗುಳವೇ ನಡೆಯಿತು. ಅದು ತಪ್ಪೆಂದು ಎಂದೋ ತೀರ್ಮಾನವಾಗಿದೆ. ನಮ್ಮಲ್ಲಿ ಫ್ರಿಜ್ ಹೋಗಿ ಮೊಬೈಲ್ ಬಂದಿದೆ. ತಾಯಿ ಮಾತ್ರ ಇದ್ದಲ್ಲೇ ಇದ್ದಾಳೆ.

ಇನ್ನು ಮಾತು. ಹೆಂಡತಿ ಎದ್ದ ಕೂಡಲೇ ಮಗನೂ ಡಬ್ಬಿಯ ಮುಚ್ಚಳ ಹಾಕಿ ಎದ್ದು ನಿಂತು, ‘ರೈಟ್, ರೈಟ್’ ಎಂದ. ಬಸ್ಸಿನ ಕಂಡಕ್ಟರ್ ಹೇಳುತ್ತಾರಲ್ಲ, ಅದೇ ರಾಗದಲ್ಲಿ. ಪಂಕ್ತಿ ನಕ್ಕಿತು. ನಮ್ಮ ಮನೆಯಲ್ಲಿ ಅದಕ್ಕೆ ‘ಇಲ್ಲಿಂದ ಹೊರಡೋಣ’ ಎಂದರ್ಥ. ಎಲ್ಲೋ ಕೇಳಿದ ಮಾತನ್ನು ಹಾಗೇ ಎತ್ತಿಟ್ಟುಕೊಂಡು ಬೇಕಾದಾಗ ಬಳಸುವುದು ಇಂಥ ಎಷ್ಟೋ ಮಕ್ಕಳ ಭಾಷೆ. ಆ ಶಾಮಿಯಾನದಲ್ಲಿ ಅಂದು ಹೇಳಬೇಕಾದ ಮಾತನ್ನು ಹೇಳಿದವನು ಅವನೊಬ್ಬನೇ. ನಾವು ಹೊರಟೆವು.

ನಾನೇನೂ ಸಾಚಾ ಅಲ್ಲ. ಈ ಪ್ರಶ್ನೆಯನ್ನು ಮೊಟ್ಟಮೊದಲು ಕೇಳಿದವನೇ ನಾನು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ; 1965ರಲ್ಲಿ ಶುರುವಾದದ್ದು, ನಮ್ಮ ಕಡೆಯವರ ಬಾಯಲ್ಲಿ ‘ಸ್ಪೀಚ್ ಅಂಡ್ ಹಿಯರಿಂಗ್’. ಮಗನಿಗೆ ಮೂರು ತುಂಬಿದಾಗ ಅಲ್ಲಿಗೆ ಕರೆದುಕೊಂಡು ಹೋದೆವು. ಮೊದಲು ಕಿವಿಯ ಪರೀಕ್ಷೆ ಮಾಡಿದರು, ಆಮೇಲೆ ಅವನ ಆಟ ನೋಡಿದರು, ನಮ್ಮನ್ನು ಗಂಟೆಗಟ್ಟಲೆ ಪ್ರಶ್ನೆ ಕೇಳಿದರು. ಕೊನೆಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ ಮೇಡಂ ಅವರಿಗೆ ನಾನು ಹೇಳಿದ್ದು, ‘ಸರಿ ಮೇಡಂ, ಎಷ್ಟು ದಿನಕ್ಕೆ ಸರಿಹೋಗುತ್ತದೆ?’ ಇದು ಕಾಯಿಲೆಯಲ್ಲ, ಇವನ ಮಿದುಳು ಇರುವ ರೀತಿ ಎಂದು ಅವರು ಮತ್ತೆ ಮೊದಲಿನಿಂದ ಹೇಳಿದರು. ನಾನು ತಲೆಯಾಡಿಸಿದೆ. ಬಂದು, ‘ಆರು ತಿಂಗಳಲ್ಲಿ ಗುಣ’ ಎಂದ ಒಬ್ಬನಿಗೆ ಹೆಂಡತಿಯ ಎರಡು ಬಳೆ ಮಾರಿ ಪುಡಿ ತಂದೆ. ಮಗನಿಗೆ ಭೇದಿಯಾಯಿತು.

ಬುದ್ಧಿ ಬಂದದ್ದು ಅಂಗಡಿಯಲ್ಲಿ. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರುವುದು ಸುತ್ತಲಿನ ನೀರಿನಿಂದ. ಕೊಳವೆಬಾವಿಯಲ್ಲಿ ವರ್ಷಗಟ್ಟಲೆ ದುಡಿಯುವ ಅದನ್ನು ನೆಲದ ಮೇಲಿಟ್ಟು ಓಡಿಸಿದರೆ ಬೇಗನೆ ಸುಟ್ಟುಹೋಗುತ್ತದೆ. ಅದನ್ನು ಕೆಟ್ಟ ಮೋಟರ್ ಎನ್ನುವುದಿಲ್ಲ, ಓಡಿಸಿದವನಿಗೆ ಬೈಯುತ್ತೇವೆ. ಮಗನನ್ನು ಹೀಗೆ ಮೋಟರಿಗೆ ಹೋಲಿಸಿದ್ದು ಹೆಂಡತಿಗೆ ಇಷ್ಟವಾಗಿಲ್ಲ. ನನಗೆ ಗೊತ್ತಿರುವುದು ಮೋಟರೇ.

ಪುಸ್ತಕದ ಕನ್ನಡದಲ್ಲಿ ಆಟಿಸಂಗೆ ‘ಸ್ವಲೀನತೆ’ ಎನ್ನುತ್ತಾರೆ. ತನ್ನಲ್ಲೇ ಲೀನನಾದವನು! ಯಾರ ಮಗ? ನನ್ನ ಮಗ ತನ್ನಲ್ಲಿ ಬಿಟ್ಟು ಮಿಕ್ಕೆಲ್ಲದರಲ್ಲೂ ಲೀನ. ಬನಿಯನ್ನಿನ ಹೊಲಿಗೆ ಚುಚ್ಚುವುದು ಅವನಿಗೆ ಗೊತ್ತಾಗುತ್ತದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಬರುವುದು ನಮಗಿಂತ ಮೊದಲು ಕೇಳಿಸುತ್ತದೆ. ಗಂಟೆಯೆಂದರಂತೂ ಪ್ರಾಣಸಂಕಟ. ಇದು ತಿಳಿಯುವ ಮೊದಲೇ ನಮ್ಮ ತಾಯಿ, ಮೊಮ್ಮಗನಿಗೆ ಮಾತು ಬಂದರೆ ದೇವರಿಗೆ ಗಂಟೆ ಕಟ್ಟಿಸುತ್ತೇನೆಂದು ಹರಕೆ ಹೊತ್ತಿದ್ದರು. ಕಟ್ಟಿಸಿಯೂ ಆಯಿತು. ಆ ಗಂಟೆಯ ದೆಸೆಯಿಂದ ಅವನು ಆ ದೇವಸ್ಥಾನದ ಬೀದಿಗೂ ಕಾಲಿಡುವುದಿಲ್ಲ.

ಶಾಲೆಯ ವಿಷಯಕ್ಕೆ ಬರುತ್ತೇನೆ. ಮೊದಲು ಹೋದದ್ದು ಒಂದು ಖಾಸಗಿ ಶಾಲೆಗೆ. ‘ಮೊದಲು ಸರಿಮಾಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ’ ಎಂದರು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಅದು ಹೆಸರಿಸುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, ಓದು ಬರಹದ ನಿರ್ದಿಷ್ಟ ಕಲಿಕಾ ತೊಂದರೆಯೂ ಇದೆ. (ನಮ್ಮ ಬೀದಿಯ ಹುಡುಗಿಯೊಬ್ಬಳಿಗಿರುವ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ಸ್ಥಿತಿ, ಆ ಪಟ್ಟಿಯಲ್ಲಿ ಹೆಸರು ಹಿಡಿದು ಇಲ್ಲ. ಅವಳ ಅಪ್ಪ ನನಗಿಂತ ಹೆಚ್ಚು ಬೈಸಿಕೊಂಡಿದ್ದಾರೆ.) ಸರ್ಕಾರದ ಮಾನ್ಯತೆ ಪಡೆದ ಶಾಲೆ ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಎನ್ನುತ್ತದೆ ಅದರ 16ನೆಯ ಸೆಕ್ಷನ್. ಅದನ್ನು ಪ್ರಿಂಟ್ ತೆಗೆಸಿಕೊಂಡು ಮತ್ತೆ ಹೋದೆ. ಕಾಫಿ ಕೊಟ್ಟು ಕಳಿಸಿದರು. ಹೋರಾಡಬೇಕಿತ್ತು ಎನ್ನುತ್ತೀರಿ. ಹೌದು, ಬೇಕಿತ್ತು. ಆ ಹೊತ್ತಿಗೆ ನನ್ನಲ್ಲಿ ಅಷ್ಟು ಕರೆಂಟ್ ಇರಲಿಲ್ಲ.

ಸೇರಿಸಿದ್ದು ಸರ್ಕಾರಿ ಶಾಲೆಗೆ. ಅಲ್ಲಿ ಬೇವಿನ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ನೇತುಹಾಕಿದ್ದಾರೆ, ಅದೇ ಗಂಟೆ. ಮೊದಲ ದಿನ ಅದನ್ನು ಬಾರಿಸಿದಾಗ ಮಗ ಬೆಂಚಿನ ಕೆಳಗೆ ಸೇರಿಕೊಂಡವನು ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ. ಅವನ ಟೀಚರ್ ನನ್ನನ್ನು ಕರೆಸಿದರು. ಟಿ.ಸಿ. ತೆಗೆದುಕೊಳ್ಳಲು ಸಿದ್ಧನಾಗಿಯೇ ಹೋದೆ. ಅವರು ಕೇಳಿದ್ದು, ‘ಇವನನ್ನು ಎಲ್ಲಿ ಕೂರಿಸಲಿ?’

ಇಷ್ಟು ವರ್ಷಗಳಲ್ಲಿ ನನಗೆ ಉತ್ತರ ಗೊತ್ತಿದ್ದ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ಹೇಳಿದೆ. ಬೇವಿನ ಮರದ ಕಡೆಯ ಗೋಡೆಗೆ ಬೇಡ. ಬಾಗಿಲ ಹತ್ತಿರ ಇರಲಿ, ತಡೆಯಲಾಗದಿದ್ದರೆ ಎದ್ದು ಜಗಲಿಗೆ ಹೋಗಿಬರಲಿ. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನ ಚೋಕ್ ಗುಂಯ್ ಎನ್ನುತ್ತದೆ, ನಿಮಗೆ ಕೇಳಿಸುವುದಿಲ್ಲ. ಅದನ್ನು ತೆಗೆದು ಎಲ್‌ಇಡಿ ನಾನೇ ಹಾಕಿಕೊಡುತ್ತೇನೆ. ಒಂದೇ ಸಲ ಮೂರು ಕೆಲಸ ಹೇಳಬೇಡಿ, ಒಂದು ಮುಗಿದ ಮೇಲೆ ಇನ್ನೊಂದು. ಹಾಲು ಕೊಡುವಾಗ ಕೆನೆ ಇದ್ದರೆ ಒತ್ತಾಯ ಬೇಡ. ಟೀಚರ್ ಎಲ್ಲವನ್ನೂ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. ಗಂಟೆಗೆ ಅವರೇ ಉಪಾಯ ಮಾಡಿದರು: ಗೋಡೆ ಗಡಿಯಾರದ ಕೆಳಗೆ ದಿನದ ಕೆಲಸಗಳ ಚಿತ್ರಗಳನ್ನು ಸಾಲಾಗಿ ಅಂಟಿಸಿ, ಮುಳ್ಳು ಎಲ್ಲಿಗೆ ಬಂದರೆ ಗಂಟೆ ಎಂದು ತೋರಿಸಿದರು. ಮಗ ಭಯದಿಂದಲೇ ಗಡಿಯಾರ ನೋಡುವುದನ್ನು ಕಲಿತ, ಇಡೀ ತರಗತಿಗಿಂತ ಮೊದಲು. ಈಗ ಅವನು ಕಿವಿ ಮುಚ್ಚಿದನೆಂದರೆ ಮಕ್ಕಳೆಲ್ಲ ಬ್ಯಾಗಿಗೆ ಪುಸ್ತಕ ತುಂಬಲು ಶುರುಮಾಡುತ್ತಾರೆ.

ಎಲ್ಲ ದಿನವೂ ಹೀಗಿರುವುದಿಲ್ಲ. ಹೋದ ವಾರವೇ ಒಬ್ಬ ಹುಡುಗನ ಕೈ ಕಚ್ಚಿದ. ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ.

ಆ ಟೀಚರಿಗೆ ಈ ವರ್ಷ ವರ್ಗವಾಯಿತು. ಶಾಲೆ ಶುರುವಾಗುವ ಮುನ್ನಾದಿನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು, ಹೊಸ ಮೇಷ್ಟ್ರು. ಹಾಜರಿ ಪುಸ್ತಕದ ಹಾಳೆ ಅವರ ಕೈ ಸೇರಿತ್ತು. ‘ಕೋಣೆ ಬದಲಾಗಿದೆ, ಎಲ್ಲಿ ಕೂರಿಸಲಿ?’ ಎಂದರು. ಮೋಟರ್ ಹೊತ್ತು ತಂದ ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿ ಮುಕ್ಕಾಲು ಗಂಟೆ ಮಾತನಾಡಿದೆ. ಫೋನ್ ಇಟ್ಟ ಮೇಲೆ ನೆನಪಾಯಿತು: ಆ ಕೋಣೆಯ ಎಡಗಡೆಯ ಕಿಟಕಿ ಬಿಸಿಯೂಟದ ಅಡುಗೆಮನೆಗೆ ತೆರೆದುಕೊಳ್ಳುತ್ತದೆ, ಹನ್ನೆರಡು ಗಂಟೆಗೆ ಒಗ್ಗರಣೆಯ ಘಾಟು. ಗಿರಾಕಿಗೆ ಇನ್ನೊಂದು ನಿಮಿಷ ಎಂದು ಹೇಳಿ ಮತ್ತೆ ಕರೆ ಮಾಡಿದೆ.