ನಾನೂ ಒಂದ್ ಕೊಟ್ಟೆ

"ಅವ ಏನ್ ಮಾಡಿದ್ದ ಕಾಕಾ?"

"ಯಾರಿಗ್ ಗೊತ್ರೀ ಸರ. ಎಲ್ಲಾರೂ ಹೊಡ್ಯಾಕತ್ತಿದ್ರು, ನಾನೂ ಒಂದ್ ಕೊಟ್ಟೆ."

ಈ ಮಾತು ವಾರವೆಲ್ಲ ತಲೆಯಲ್ಲೇ ಕೂತಿದೆ. ಹೇಳಿದವರು ನಮ್ಮ ಓಣಿಯ ಹಿಟ್ಟಿನ ಗಿರಣಿ ಕಾಕಾ. ಗೋಧಿ ಬೀಸಿಕೊಟ್ಟ ಮೇಲೆ ಚೀಲದಲ್ಲಿ ಹಿಟ್ಟು ಕಡಿಮೆ ಅನ್ನಿಸಿದರೆ ತಾವೇ ಮನೆತನಕ ತಂದು ಕೊಡುವ ಮನುಷ್ಯ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಮೊಬೈಲ್ ಕದ್ದ ಅಂತ ಒಬ್ಬ ಹುಡುಗನನ್ನು ಹಿಡಿದಿದ್ದರು. ನಾನು ಹತ್ತಿರ ಹೋಗುವಷ್ಟರಲ್ಲಿ ಗದ್ದಲ ಇಳಿದಿತ್ತು. ಹುಡುಗನ ಅಂಗಿ ಹರಿದಿತ್ತು, ಬಾಯಲ್ಲಿ ರಕ್ತ. ಕಾಕಾ ಬಗ್ಗಿ ಚಪ್ಪಲಿಯ ಉಂಗುಟ ಸರಿ ಮಾಡಿಕೊಳ್ಳುತ್ತಿದ್ದರು. ಸಿಟ್ಟಿಲ್ಲ, ನಾಚಿಕೆಯೂ ಇಲ್ಲ. ಮದುವೆಗೆ ಹೋಗಿ ಮುಯ್ಯಿ ಮಾಡಿ ಬಂದವರ ಹಾಗಿದ್ದರು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವನು. ಹಿಟ್ಲರನ ಪಾಠ ಬಂದಾಗ ಹುಡುಗರು ಕೇಳಿಯೇ ಕೇಳುತ್ತಾರೆ, "ಅಷ್ಟ್ ಮಂದಿ ಹೆಂಗ್ ಒಪ್ಪಿದ್ರು ಸರ?" ಆಗ ನಾನು ಯೂಝೆಫುವ್ ಕತೆ ಹೇಳುತ್ತೇನೆ. ಪೋಲೆಂಡಿನ ಊರು, 1942ರ ಜುಲೈ 13. ಜರ್ಮನಿಯ ಹ್ಯಾಂಬರ್ಗಿನಿಂದ ಬಂದ 101ನೇ ಮೀಸಲು ಪೊಲೀಸ್ ತುಕಡಿ, ಸುಮಾರು 500 ಜನ. ಬಂದರಿನ ಕೂಲಿಗಳು, ಲಾರಿ ಡ್ರೈವರುಗಳು, ಗುಮಾಸ್ತರು. ಹೆಚ್ಚಿನವರು ನಡುವಯಸ್ಸಿನ ಸಂಸಾರಸ್ಥರು. ಯಹೂದಿಗಳನ್ನು ಗುಂಡಿಟ್ಟು ಕೊಲ್ಲಬೇಕು ಅನ್ನುವ ಆದೇಶ ತಿಳಿಸುವಾಗ ಅವರ ಮೇಜರನ ಕಣ್ಣಲ್ಲೇ ನೀರಿತ್ತು. ವಯಸ್ಸಾದವರಿಗೆ ಇದು ಆಗದಿದ್ದರೆ ಪಕ್ಕಕ್ಕೆ ಬನ್ನಿ ಅಂದ. ಆಗ ಬಂದವರು ಹನ್ನೆರಡರ ಆಸುಪಾಸು. ದಿನ ಮುಗಿಯುವಷ್ಟರಲ್ಲಿ ಸುಮಾರು 1,500 ಜನರನ್ನು ಕೊಂದಿದ್ದರು, ಹೆಂಗಸರು ಮಕ್ಕಳು ಸೇರಿ. ಪಕ್ಕಕ್ಕೆ ಬಂದವರಿಗೆ ಶಿಕ್ಷೆ ಆಗಲಿಲ್ಲ.

ಇದನ್ನು ಹೇಳುವಾಗ ನನ್ನ ಮನಸ್ಸಿನಲ್ಲಿ ಯಾವಾಗಲೂ ಯಾರೋ ಬೇರೆ ಜಾತಿಯ ಪ್ರಾಣಿಗಳು ನಿಂತಿರುತ್ತಿದ್ದರು. ಈಗ ಆ ಸಾಲಿನಲ್ಲಿ ಕಾಕಾ ಕಾಣುತ್ತಿದ್ದಾರೆ. ಚಪ್ಪಲಿಯೇಟು ಎಲ್ಲಿ, ಗುಂಡು ಎಲ್ಲಿ ಅಂತ ನೀವು ಕೇಳಬಹುದು. ಸರಿಯೇ. ಆದರೆ ಅಲ್ಲಿ ಬಹಳ ಜನರನ್ನು ಸಾಲಿನಲ್ಲಿ ಉಳಿಸಿದ್ದು ಯಹೂದಿಗಳ ಮೇಲಿನ ದ್ವೇಷ ಒಂದೇ ಅಲ್ಲ. ಪಕ್ಕದವರು ನನ್ನನ್ನು ಹೇಡಿ ಅಂದಾರು ಅನ್ನುವುದೂ ಇತ್ತು. ಯಾರೂ ಅವರ ತಲೆಗೆ ಪಿಸ್ತೂಲು ಹಿಡಿದಿರಲಿಲ್ಲ. ಕಾಕಾಗೂ ಯಾರೂ ಹೊಡಿ ಅಂದಿರಲಿಲ್ಲ. ನನಗೆ ಹೊಡೆತಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಆ "ಯಾರಿಗ್ ಗೊತ್ರೀ".

ಗದ್ದಲ ನಿಲ್ಲಿಸಿದ್ದು ತಪ್ಪಲಪಲ್ಯ ಮಾರುವ ಒಬ್ಬ ಆಯಿ. "ಏ ಬಾಡ್ಯಾಗೋಳ, ಸಾಯ್ತಾನ ಬಿಡ್ರೋ" ಅಂತ ನಡುವೆ ನುಗ್ಗಿದಳಂತೆ. ಅಷ್ಟೇ, ಎಲ್ಲರ ಕೈ ಇಳಿದವು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮಿಲ್ಗ್ರಾಂ ಅನ್ನುವ ಮನಶ್ಶಾಸ್ತ್ರಜ್ಞ 1960ರ ದಶಕದ ಶುರುವಿನಲ್ಲಿ ಮಾಡಿದ ಪ್ರಯೋಗ ನೆನಪಾಯಿತು. ಪ್ರಯೋಗ ನಡೆಸುವವನು ಮುಂದುವರಿಸಿ ಅಂದಾಗ, ಇನ್ನೊಬ್ಬನಿಗೆ 450 ವೋಲ್ಟ್ ಶಾಕ್ ಕೊಡುತ್ತಿದ್ದೇವೆ ಅಂತ ನಂಬಿಕೊಂಡೇ 40ರಲ್ಲಿ 26 ಜನ ಕೊನೆತನಕ ಹೋದರು. ಶಾಕ್ ನಿಜವಾಗಿರಲಿಲ್ಲ, ಆ ಮಾತು ಬೇರೆ. ಇನ್ನೊಂದು ಸಲ ಪಕ್ಕದಲ್ಲಿ ಕೂತ ಇಬ್ಬರು ಒಲ್ಲೆವು ಅಂತ ಎದ್ದರು. ಆಗ ಕೊನೆತನಕ ಹೋದವರು 40ರಲ್ಲಿ ನಾಲ್ಕೇ ಜನ. ಇಲ್ಲಿ ಇಬ್ಬರೂ ಬೇಕಾಗಲಿಲ್ಲ, ಒಬ್ಬ ಆಯಿ ಸಾಕಾದಳು.

ಹೊಡೆದವರಿಗಿಂತ ವಿಡಿಯೋ ಮಾಡುತ್ತಿದ್ದವರ ಮೇಲೆ ನನಗೆ ಸಿಟ್ಟು ಜಾಸ್ತಿ. ರಾತ್ರಿ ಊಟದ ಹೊತ್ತಿಗೆ ಅದು ನಮ್ಮ ಓಣಿಯ ವಾಟ್ಸಾಪ್ ಗ್ರೂಪಿಗೆ ಬಂತು. ಕೆಳಗೆ ಬರೆದಿದ್ದು: "ಮಕ್ಕಳ ಕಳ್ಳ, ಹುಷಾರ್." ಮೊಬೈಲು ಹೋಗಿ ಮಗು ಬಂದಿತ್ತು! 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದೂ ಇದೇ ಅಲ್ವಾ? ಕಾರಿನಲ್ಲಿ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ವಾಟ್ಸಾಪಿನಲ್ಲಿ ಸುದ್ದಿ ಅವರಿಗಿಂತ ಮುಂದೆ ಓಡಿತು. ಹೈದರಾಬಾದಿನ ಒಬ್ಬ ಎಂಜಿನಿಯರನನ್ನು ಜನ ಹೊಡೆದು ಕೊಂದರು.

ನಾನು ಗ್ರೂಪಿನಲ್ಲಿ ಬರೆದೆ: ಅಲ್ಲೇ ಇದ್ದೆ, ಮಗುವಿನ ಮಾತೇ ಇರಲಿಲ್ಲ, ಮೊಬೈಲ್ ಅಂದಿದ್ದರು. ಸ್ವಲ್ಪ ಹೊತ್ತಿಗೆ ಬ್ಯಾಂಕಿನಿಂದ ರಿಟೈರಾದ ಒಬ್ಬರು ಉತ್ತರಿಸಿದರು. "ಯಾವ್ದಾದ್ರೇನ್ರೀ ಸರ, ಕಳ್ಳ ಕಳ್ಳನ." ಅದಕ್ಕೆ ಸಾಲಾಗಿ ಹೆಬ್ಬೆರಳುಗಳು ಬಿದ್ದವು. ಕಾಕಾ ಅದರಲ್ಲಿ ಇರಲಿಲ್ಲ. ಅವರದು ಇನ್ನೂ ಬಟನ್ ಫೋನು.