ದಿನಬಳಕೆಯ ಕಾರಿಗೆ ಎಷ್ಟು ಕಿಲೋ ಸ್ಪ್ರಿಂಗ್?

ನಾಲ್ಕು ಕಿಲೋ ಸಾಕಾ, ಆರು ಕಿಲೋ ಬೇಕಾ? ಸ್ಪ್ರಿಂಗ್ ಬದಲಿಸಲು ಹೊರಟವರೆಲ್ಲ ಮೊದಲು ಕೇಳುವುದು ಇದನ್ನೇ. ಕಾರಿನ ತೂಕ ಮತ್ತು ಸಸ್ಪೆನ್ಷನ್ನಿನ ರಚನೆ ತಿಳಿಯದೆ ಇದಕ್ಕೆ ಉತ್ತರವಿಲ್ಲ. ಅದೇ ನಾಲ್ಕು ಕಿಲೋ ಸ್ಪ್ರಿಂಗ್ ಒಂದು ಸಣ್ಣ ಕಾರಿನ ಮುಂದೆ ಕೂತರೆ ಬೆನ್ನು ನೋಯಿಸುತ್ತದೆ, ಅದೇ ಕಾರಿನ ಹಿಂದೆ ಹಿತವಾಗಿ ಹೊಂದುತ್ತದೆ.

ಇಲ್ಲಿ ಒಂದು ಕಿಲೋ ಎಂದರೆ ಸ್ಪ್ರಿಂಗನ್ನು 1 ಮಿ.ಮೀ. ಕುಗ್ಗಿಸಲು ಬೇಕಾದ ಒಂದು ಕಿಲೋ ಭಾರ, ಅಂದರೆ ಮಿಲಿಮೀಟರಿಗೆ 9.81 ನ್ಯೂಟನ್. ಪೌಂಡ್ ಮತ್ತು ಇಂಚಿನ ಲೆಕ್ಕದಲ್ಲಿ ಸುಮಾರು 56. ಸ್ಪ್ರಿಂಗಿನ ಈ ಗಡುಸುತನದ ಅಳತೆಯನ್ನೇ ರೇಟು ಎನ್ನುವುದು. ಆದರೆ ನಾವು ಅನುಭವಿಸುವುದು ಸ್ಪ್ರಿಂಗಿನ ರೇಟನ್ನಲ್ಲ, ಚಕ್ರದ ಬಳಿ ಸಿಗುವ ರೇಟನ್ನು. ಚಕ್ರ 10 ಮಿ.ಮೀ. ಮೇಲೆದ್ದಾಗ ಸ್ಪ್ರಿಂಗ್ 7 ಮಿ.ಮೀ. ಕುಗ್ಗಿದರೆ ಮೋಷನ್ ರೇಶಿಯೋ 0.7. ಅದರ ವರ್ಗ 0.49. ಅಂದರೆ ಸ್ಪ್ರಿಂಗಿನ ರೇಟಿನಲ್ಲಿ ಅರ್ಧದಷ್ಟೇ ಚಕ್ರಕ್ಕೆ ತಲುಪುತ್ತದೆ. ವರ್ಗ ಏಕೆಂದರೆ ಸನ್ನೆಗೋಲಿನಲ್ಲಿ ಚಲನೆಯೂ ಕಡಿಮೆಯಾಗುತ್ತದೆ, ಬಲವೂ ಕಡಿಮೆಯಾಗುತ್ತದೆ. ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿರುವ ಜೋಡಣೆ) ಇರುವ ಮುಂಭಾಗದಲ್ಲಿ ಈ ಅನುಪಾತ ಸಾಮಾನ್ಯವಾಗಿ 0.9ಕ್ಕಿಂತ ಮೇಲಿರುತ್ತದೆ. ಹಿಂದೆ ಸ್ಪ್ರಿಂಗ್ ಎಲ್ಲಿ ಕೂತಿದೆ ಎನ್ನುವುದರ ಮೇಲೆ ಬಹಳ ಬದಲಾಗುತ್ತದೆ. ಊಹಿಸಬೇಡಿ, ಅಳೆಯಿರಿ: ಸ್ಪ್ರಿಂಗ್ ತೆಗೆದು, ಕಾರು ನಿಲ್ಲುವ ಎತ್ತರದಿಂದ ಚಕ್ರವನ್ನು ಜಾಕಿನಲ್ಲಿ ಹತ್ತು ಹತ್ತು ಮಿ.ಮೀ. ಎತ್ತುತ್ತಾ, ಪ್ರತಿ ಸಲ ಸ್ಪ್ರಿಂಗಿನ ತುದಿಗಳು ಕೂರುವ ಎರಡು ಸೀಟುಗಳ ನಡುವಿನ ದೂರ ಬರೆದುಕೊಳ್ಳಿ.

ಮುಂದೆ ತೂಕ. ಚಾಲಕ ಕೂತು, ಅರ್ಧ ಟ್ಯಾಂಕ್ ಇಂಧನವಿಟ್ಟು, ಮುಂದಿನ ಮತ್ತು ಹಿಂದಿನ ಆಕ್ಸಲ್ ಬೇರೆಬೇರೆಯಾಗಿ ತೂಗಿಸಿ ಎರಡರಿಂದ ಭಾಗಿಸಿದರೆ ದಿನಬಳಕೆಯ ಕಾರಿಗೆ ಸಾಕು. ಅದರಲ್ಲಿ ಟೈರು, ರಿಮ್, ಬ್ರೇಕ್, ಹಬ್ಬಿನ ಪೂರ್ತಿ ತೂಕವನ್ನೂ ಚಕ್ರವನ್ನು ಬಾಡಿಗೆ ಸೇರಿಸುವ ಆರ್ಮಿನ ಅರ್ಧ ತೂಕವನ್ನೂ ಕಳೆಯಬೇಕು. ಆ ಭಾರವನ್ನು ಸ್ಪ್ರಿಂಗ್ ಹೊರುವುದಿಲ್ಲ.

ಈಗ ಗುರಿ ಇಡುವುದು ಆವರ್ತನಕ್ಕೆ, ಅಂದರೆ ಬಾಡಿ ಸೆಕೆಂಡಿಗೆ ಎಷ್ಟು ಬಾರಿ ಮೇಲೆಕೆಳಗಾಗಲು ಬಯಸುತ್ತದೆ ಎನ್ನುವುದಕ್ಕೆ. 1ರಿಂದ 1.5 ಹರ್ಟ್ಸ್ ಮನೆಮಂದಿಯ ಕಾರು. 1.5 ದಾಟಿದರೆ ಬಿಗಿ. 2 ದಾಟಿದ್ದನ್ನು ದಿನವೂ ಓಡಿಸಬೇಡಿ ಎಂದೇ ನಾನು ಹೇಳುತ್ತೇನೆ. ಲೆಕ್ಕ ಸರಳ: ಆವರ್ತನದ ವರ್ಗವನ್ನು 39.5ರಿಂದ ಗುಣಿಸಿ, ಸ್ಪ್ರಿಂಗ್ ಹೊರುವ ಕೆಜಿಯಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಚಕ್ರದ ಬಳಿ ಬೇಕಾದ ರೇಟು ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂದು ಸಿಗುತ್ತದೆ. ಅದನ್ನು ಮೋಷನ್ ರೇಶಿಯೋದ ವರ್ಗದಿಂದ ಭಾಗಿಸಿದರೆ ಕೊಳ್ಳಬೇಕಾದ ಸ್ಪ್ರಿಂಗ್. ಉದಾಹರಣೆಗೆ ಮುಂದೆ ಪ್ರತಿ ಸ್ಪ್ರಿಂಗಿನ ಮೇಲೆ 320 ಕೆಜಿ, ಗುರಿ 1.3 ಹರ್ಟ್ಸ್, ಅನುಪಾತ 0.95 ಎಂದಿರಲಿ. ಚಕ್ರದ ಬಳಿ 21.4 ಬೇಕು, ಸ್ಪ್ರಿಂಗ್ 23.7, ಅಂದರೆ 2.4 ಕಿಲೋ. ಆರು ಕಿಲೋ ಎಲ್ಲಿ, ಇದೆಲ್ಲಿ!

ಹಿಂಭಾಗಕ್ಕೆ ಹೆಚ್ಚು ತಾಳ್ಮೆ ಬೇಕು. ರಸ್ತೆಯ ಉಬ್ಬು ಮೊದಲು ತಾಗುವುದು ಮುಂದಿನ ಚಕ್ರಕ್ಕೆ. 2.5 ಮೀಟರ್ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) ಇರುವ ಕಾರು 60 ಕಿ.ಮೀ. ವೇಗದಲ್ಲಿದ್ದರೆ ಹಿಂದಿನ ಚಕ್ರಕ್ಕೆ ಅದು ತಾಗುವುದು 0.15 ಸೆಕೆಂಡ್ ತಡವಾಗಿ. ಹಿಂಭಾಗದ ಆವರ್ತನ ಮುಂದಿನದಕ್ಕಿಂತ ಶೇ 10ರಿಂದ 20ರಷ್ಟು ಹೆಚ್ಚಿದ್ದರೆ ತಡವಾಗಿ ಹೊರಟ ಹಿಂಭಾಗ ಮುಂಭಾಗವನ್ನು ಹಿಡಿದುಬಿಡುತ್ತದೆ, ಕಾರು ದೋಣಿಯಂತೆ ತೂಗುವುದು ನಿಲ್ಲುತ್ತದೆ. ಕಾರು ಎಂಜಿನಿಯರ್ ಮಾರಿಸ್ ಓಲಿ 1930ರ ದಶಕದಲ್ಲಿ ತೋರಿಸಿಕೊಟ್ಟ ತತ್ವ ಇದು, ಇಂದಿಗೂ ಕೆಲಸ ಮಾಡುತ್ತದೆ.

ಆದರೆ ದಿನಬಳಕೆಯ ಕಾರಿನ ಹಿಂದೆ ಜನ ಕೂರುತ್ತಾರೆ, ಡಿಕ್ಕಿ ತುಂಬುತ್ತದೆ. ಖಾಲಿ ಇದ್ದಾಗ ಪ್ರತಿ ಸ್ಪ್ರಿಂಗಿಗೆ 205 ಕೆಜಿ ಎಂದುಕೊಳ್ಳಿ. ಹಿಂದೆ ಮೂವರು ಕೂತು ಸಾಮಾನೂ ಸೇರಿದರೆ ಇನ್ನೊಂದು 100 ಕೆಜಿ. ಖಾಲಿ ಕಾರಿಗೆ 1.5 ಹರ್ಟ್ಸ್ ಎಂದು ಲೆಕ್ಕ ಹಾಕಿದರೆ ಚಕ್ರದ ಬಳಿ 18.2 ಬರುತ್ತದೆ. ಜನ ಕೂತ ಮೇಲೆ ಅದೇ ಸ್ಪ್ರಿಂಗಿನ ಆವರ್ತನ 1.23ಕ್ಕೆ ಇಳಿದು ಮುಂದಿನದಕ್ಕಿಂತ ಕೆಳಗೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಹಿಂಭಾಗ 54 ಮಿ.ಮೀ. ಕುಸಿಯುತ್ತದೆ. ಬಂಪ್ ಸ್ಟಾಪಿಗೆ (ಚಕ್ರ ಮೇಲೇರುವುದನ್ನು ಕೊನೆಯಲ್ಲಿ ತಡೆಯುವ ರಬ್ಬರ್ ತುಂಡು) ಮುಂಚೆ ಚಕ್ರಕ್ಕೆ 75 ಮಿ.ಮೀ. ಜಾಗವಿದ್ದರೆ ಉಳಿಯುವುದು 21 ಮಾತ್ರ; ರಸ್ತೆಯ ಮೊದಲ ಉಬ್ಬಿಗೇ ಬಡಿತ. 1.6 ಹರ್ಟ್ಸ್‌ಗೆ ಏರಿಸಿದರೆ ರೇಟು 20.7, ಕುಸಿತ 47, ತುಂಬಿದಾಗ ಆವರ್ತನ 1.31. 0.7 ಅನುಪಾತಕ್ಕೆ ಇದು 42 ನ್ಯೂಟನ್ ಸ್ಪ್ರಿಂಗ್, ಸುಮಾರು 4.3 ಕಿಲೋ. ಒಬ್ಬರೇ ಓಡಿಸುವಾಗ ಹಿಂದೆ ಸ್ವಲ್ಪ ಚುರುಕೆನಿಸುತ್ತದೆ, ಆದರೆ ನನ್ನ ಆಯ್ಕೆ ಇದೇ. ಹಿಂದೆ ಯಾರೂ ಕೂರದ ಕಾರಾದರೆ 1.5ಕ್ಕೇ ನಿಲ್ಲಿಸಿ.

ಕಾರನ್ನು ಕೆಳಗಿಳಿಸುವ ಆಸೆ ಇದ್ದವರು ಈ ಜಾಗದ ಲೆಕ್ಕವನ್ನು ಮೊದಲು ಮಾಡಬೇಕು. 80 ಮಿ.ಮೀ. ಜಾಗವಿದ್ದ ಕಾರನ್ನು 30 ಮಿ.ಮೀ. ಇಳಿಸಿದರೆ ಉಳಿಯುವುದು 50. ಅದೇ ಹೊಡೆತವನ್ನು ಅಷ್ಟರಲ್ಲೇ ನುಂಗಲು ರೇಟು 2.56 ಪಟ್ಟು ಆಗಬೇಕು, ಏಕೆಂದರೆ ಸ್ಪ್ರಿಂಗ್ ಹೀರುವ ಶಕ್ತಿ ಕುಗ್ಗುವ ದೂರದ ವರ್ಗಕ್ಕೆ ಅನುಗುಣ. 1.3 ಹರ್ಟ್ಸ್ ಇದ್ದದ್ದು 2.1 ಆಗುತ್ತದೆ. 'ಮೂವತ್ತೇ ಮಿಲಿಮೀಟರ್' ಎನ್ನುವುದು ದಿನಬಳಕೆಗೆ ಸಣ್ಣ ಮಾತಲ್ಲ. ಬಂಪ್ ಸ್ಟಾಪನ್ನು ಕತ್ತರಿಸಿ ಜಾಗ ಗಳಿಸುವುದು ಇನ್ನೂ ಅಪಾಯ: ಆಮೇಲೆ ಬಡಿಯುವುದು ಶಾಕ್ ಅಬ್ಸಾರ್ಬರಿನ ಒಳಗಿನ ಪಿಸ್ಟನ್.

ಹಳೆಯ ಸ್ಪ್ರಿಂಗಿನ ಸುರುಳಿ ಕತ್ತರಿಸುವುದೂ ಬೇಡ. ಆರು ಕ್ರಿಯಾಶೀಲ ಸುರುಳಿಗಳಲ್ಲಿ (ಸೀಟಿಗೆ ಅಂಟಿ ಕೂರುವ ತುದಿಗಳನ್ನು ಬಿಟ್ಟು, ನಿಜಕ್ಕೂ ಕುಗ್ಗುವ ಸುರುಳಿಗಳು) ಒಂದು ಹೋದರೆ ರೇಟು ಶೇ 20 ಏರುತ್ತದೆ ನಿಜ, ಆದರೆ ತುದಿ ಸೀಟಿನಲ್ಲಿ ಸರಿಯಾಗಿ ಕೂರದೆ, ಚಕ್ರ ಕೆಳಗೆ ಇಳಿಬಿದ್ದಾಗ ಸ್ಪ್ರಿಂಗ್ ಸಡಿಲವಾಗುತ್ತದೆ. ಬೆಂಕಿ ಕೊಟ್ಟು ಕುಗ್ಗಿಸಿದರೆ ಉಕ್ಕಿನ ಹದವೇ ಹೋಗುತ್ತದೆ.

ಹಳೆಯದರ ರೇಟು ಗೊತ್ತಿಲ್ಲವೇ? ತಂತಿಯ ವ್ಯಾಸದ ನಾಲ್ಕನೇ ಘಾತವನ್ನು 79,000ದಿಂದ ಗುಣಿಸಿ. ಸುರುಳಿಯ ಸರಾಸರಿ ವ್ಯಾಸದ (ಹೊರ ವ್ಯಾಸದಿಂದ ತಂತಿಯ ವ್ಯಾಸ ಕಳೆದದ್ದು) ಘನವನ್ನು ಕ್ರಿಯಾಶೀಲ ಸುರುಳಿಗಳ ಸಂಖ್ಯೆಯಿಂದಲೂ 8ರಿಂದಲೂ ಗುಣಿಸಿ ಬಂದದ್ದರಿಂದ ಭಾಗಿಸಿ. ಅಳತೆಯೆಲ್ಲ ಮಿಲಿಮೀಟರಿನಲ್ಲಿ. 12 ಮಿ.ಮೀ. ತಂತಿ, 125 ಸರಾಸರಿ ವ್ಯಾಸ, 5 ಸುರುಳಿ ಇದ್ದರೆ 21 ನ್ಯೂಟನ್. ತಂತಿ 12.5 ಎಂದು ತಪ್ಪಾಗಿ ಅಳೆದರೆ 24.7 ಬರುತ್ತದೆ. ಹಾಗಾಗಿ ಬಣ್ಣ ಕೆರೆದು, ವರ್ನಿಯರ್ ಕ್ಯಾಲಿಪರಿನಲ್ಲಿ ಮೂರು ಕಡೆ ಅಳೆಯಿರಿ.

ಉದ್ದವನ್ನೂ ಮರೆಯಬಾರದು. ಮೇಲಿನ ಉದಾಹರಣೆಯ 2.4 ಕಿಲೋ ಮುಂದಿನ ಸ್ಪ್ರಿಂಗ್ ಕಾರಿನ ಭಾರಕ್ಕೇ 139 ಮಿ.ಮೀ. ಕುಗ್ಗಿರುತ್ತದೆ. ಸೀಟುಗಳ ನಡುವಿನ ದೂರಕ್ಕೆ ಅದನ್ನು ಕೂಡಿದರೆ ಭಾರವಿಲ್ಲದಾಗಿನ ಬಿಡಿ ಉದ್ದ ಸಿಗುತ್ತದೆ. ಕಾಯಿಲ್‌ಓವರಿನ (ಶಾಕ್ ಅಬ್ಸಾರ್ಬರಿನ ಸುತ್ತ ಸ್ಪ್ರಿಂಗ್ ಇದ್ದು, ಸೀಟಿನ ಎತ್ತರ ಬದಲಿಸಬಹುದಾದ ಜೋಡಣೆ) ಸೀಟನ್ನು ಮೇಲೆ ತಿರುಗಿಸಿದರೆ ಸಾಮಾನ್ಯ ಸ್ಪ್ರಿಂಗ್ ಗಡುಸಾಗುವುದಿಲ್ಲ, ಕಾರಿನ ಎತ್ತರ ಬದಲಾಗುತ್ತದೆ ಅಷ್ಟೇ.

ಶಾಕ್ ಅಬ್ಸಾರ್ಬರ್ ಹಳೆಯದೇ ಇದ್ದು ರೇಟು ಶೇ 50 ಏರಿದರೆ ಡ್ಯಾಂಪಿಂಗ್ ಅನುಪಾತ, ಅಂದರೆ ಸ್ಪ್ರಿಂಗಿನ ಕುಣಿತವನ್ನು ಅಡಗಿಸುವ ಸಾಮರ್ಥ್ಯದ ಅಳತೆ, ಶೇ 18 ಕುಸಿಯುತ್ತದೆ. ಹಂಪ್ ದಾಟಿದ ಮೇಲೆ ಕಾರು ಕುಣಿಯುವುದು ಇದಕ್ಕೇ. ಜನ ಸ್ಪ್ರಿಂಗನ್ನು ಬೈಯುತ್ತಾರೆ. ಸುಸ್ಥಿತಿಯ ಮೂಲ ಶಾಕ್ ಅಬ್ಸಾರ್ಬರಿನೊಂದಿಗೆ ಶೇ 20ಕ್ಕಿಂತ ಮೇಲೆ ಹೋಗಬೇಡಿ. ತಿರುವಿನಲ್ಲಿ ವಾಲುತ್ತದೆ ಎನ್ನುವುದಷ್ಟೇ ನಿಮ್ಮ ದೂರಾಗಿದ್ದರೆ ಸ್ಪ್ರಿಂಗ್ ಬಿಟ್ಟು ಸ್ವಲ್ಪ ದಪ್ಪ ಆ್ಯಂಟಿ ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಕಂಬಿ) ನೋಡಿ.

ಜೋಡಿಸುವಾಗ ಆರ್ಮಿನ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರಿನ ಭಾರ ಚಕ್ರಗಳ ಮೇಲೆ ಬಂದ ಬಳಿಕವೇ ಬಿಗಿಯಬೇಕು. ಚಕ್ರ ಇಳಿಬಿದ್ದಾಗ ಬಿಗಿದರೆ ಬುಷ್ ತಿರುಚಿಕೊಂಡೇ ಇದ್ದು ಹರಿಯುತ್ತದೆ, ಎತ್ತರವೂ ಸುಳ್ಳು ತೋರಿಸುತ್ತದೆ. ಆಮೇಲೆ ಅಲೈನ್‌ಮೆಂಟ್, ಹೆಡ್‌ಲೈಟಿನ ಎತ್ತರ. ಕೊನೆಗೆ ಶಾಕ್ ಅಬ್ಸಾರ್ಬರಿನ ರಾಡ್ ಕಾಣುವಂತಿದ್ದರೆ ಅದಕ್ಕೊಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಕೆಳಕ್ಕೆ ಸರಿಸಿ ಒಂದು ವಾರ ಎಂದಿನ ದಾರಿಯಲ್ಲಿ ಓಡಿಸಿ. ಹಿಂದೆ ಜನ ಕೂತ ದಿನವೂ ಅದು ಬಂಪ್ ಸ್ಟಾಪಿನ ಹತ್ತಿರ ಸುಳಿಯದಿದ್ದರೆ ಇನ್ನೂ ಮೆತ್ತನೆಯ ಸ್ಪ್ರಿಂಗಿಗೆ ಜಾಗವಿದೆ. ಒಂಟಿಯಾಗಿ ಓಡಿಸಿದ ದಿನವೇ ಬಂಪ್ ಸ್ಟಾಪಿಗೆ ಒತ್ತಿ ನಿಂತಿದ್ದರೆ ಮೊದಲು ಕಾರಿನ ಎತ್ತರ ಹೆಚ್ಚಿಸಿ ನೋಡಿ, ರೇಟು ಆಮೇಲೆ.